ಎಸ್ಪ್ರೆಸ್ಸೋಗೆ ಆವಿ ಬೇಡ

ಶಿವಮೊಗ್ಗದ ಯಾವುದೇ ಕಲ್ಯಾಣಮಂಟಪಕ್ಕೆ ಹೋಗಿ ಎಸ್ಪ್ರೆಸ್ಸೋ ಕೇಳಿ. ಊಟದ ಹಾಲ್ ಪಕ್ಕದಲ್ಲಿ ಒಂದು ಸ್ಟೀಲ್ ಡ್ರಮ್ಮು ಬುಸುಗುಡುತ್ತಿರುತ್ತದೆ. ಹುಡುಗ ಜಗ್ಗಿಗೆ ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿ ಹಾಕಿ ಆವಿಯ ಕೊಳವೆಗೆ ಹಿಡಿಯುತ್ತಾನೆ. ನೊರೆ ಉಕ್ಕುತ್ತದೆ. ಮೇಲೆ ಒಂದು ಚಿಟಿಕೆ ಚಾಕೊಲೇಟ್ ಪುಡಿ. ಕುಡಿಯಲು ಚೆನ್ನಾಗಿಯೇ ಇರುತ್ತದೆ, ಮಳೆಗಾಲದ ಮದುವೆಯಲ್ಲಿ ನಾನೂ ಎರಡು ಕಪ್ ಕುಡಿಯುವವನೇ. ಅದನ್ನು ಏನಂತ ಬೇಕಾದರೂ ಕರೆಯಲಿ, ತಕರಾರಿಲ್ಲ. ತಕರಾರು ಇರುವುದು ಅದರಿಂದ ಹುಟ್ಟಿದ ನಂಬಿಕೆಯ ಮೇಲೆ. ಎಸ್ಪ್ರೆಸ್ಸೋ ಅಂದರೆ ಆವಿಯಿಂದ ಮಾಡುವ ಕಾಫಿ ಅಂತ ಫಿಸಿಕ್ಸ್ ಓದಿದವರೂ ಹೇಳುತ್ತಾರೆ. ನಡೆದದ್ದು ಉಲ್ಟಾ. ಆವಿಯನ್ನು ಕಾಫಿಪುಡಿಯಿಂದ ದೂರ ಇಟ್ಟ ಮೇಲೆಯೇ ಇವತ್ತಿನ ಎಸ್ಪ್ರೆಸ್ಸೋ, ಅಂದರೆ ಅದುಮಿದ ಪುಡಿಯ ಮೂಲಕ ಬಿಸಿನೀರನ್ನು ಒತ್ತಿ ಇಳಿಸುವ ಗಟ್ಟಿ ಕಾಫಿ, ಬಂದದ್ದು.

ಹಿಡಿಕೆ ಎಳೆದು ಎಸ್ಪ್ರೆಸ್ಸೋ ಇಳಿಸುವ ಒಂದು ಹಳೇ ಇಟಾಲಿಯನ್ ಲಿವರ್ ಮೆಷಿನ್ ಬಿಚ್ಚಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನನಗೆ ಸಿಕ್ಕಿದ್ದು ಬೆಂಗಳೂರಿನ ನೆಂಟರ ಮನೆಯ ಅಟ್ಟದಲ್ಲಿ. ಗುಜರಿಗೆ ಹೋಗುವುದರಲ್ಲಿತ್ತು. ಹಿತ್ತಾಳೆ ಬಾಯ್ಲರ್, ಉದ್ದ ಹಿಡಿಕೆ, ಒಡೆದ ಗಾಜಿನ ಗೇಜು. ಕಾಫಿ ಹೊರಬರುವ ದಪ್ಪ ಹಿತ್ತಾಳೆ ಭಾಗಕ್ಕೆ ಈ ಹವ್ಯಾಸದವರು ಗ್ರೂಪ್ ಅಂತಾರೆ. ಅದರ ಬಗ್ಗೆ ಆಮೇಲೆ ಬಹಳ ಹೇಳುವುದಿದೆ.

ಮೊದಲು ಕುಕ್ಕರ್. ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿಸಿದರೆ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಕುದಿಯುವ ಬಿಸಿಯೂ ಏರುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ. ಒತ್ತಡದ ಅಳತೆ ಬಾರ್, 1 ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. ಹೊರಗಿನ ಗಾಳಿಗಿಂತ 1 ಬಾರ್ ಜಾಸ್ತಿ ಆದಾಗ ಒಳಗೆ ಸುಮಾರು 120 ಡಿಗ್ರಿ. ತೊಗರಿಬೇಳೆಗೆ ಅದು ಸರಿ. ಕಾಫಿಗೆ ಬೇಕಾಗಿರುವುದು 90ರಿಂದ 96 ಡಿಗ್ರಿಯ ನೀರು. ಅದಕ್ಕಿಂತ ಮೇಲೆ ಹೋದರೆ ಪುಡಿಯೊಳಗಿನ ಕಹಿ, ಒಗರು ಎಲ್ಲ ಇಳಿದುಬಿಡುತ್ತದೆ. ಆದರೆ ನುಣ್ಣಗೆ ಬೀಸಿ, ಅದುಮಿ ಕೂರಿಸಿದ ಪುಡಿಯನ್ನು ನೀರು ಅರ್ಧ ನಿಮಿಷದೊಳಗೆ ದಾಟಬೇಕಾದರೆ ಸುಮಾರು 9 ಬಾರ್ ಒತ್ತಡ ಬೇಕು. ಅಷ್ಟನ್ನೂ ಆವಿಯಿಂದಲೇ ತರುತ್ತೇನೆ ಅಂದರೆ ಬಾಯ್ಲರ್ 180 ಡಿಗ್ರಿ ಮುಟ್ಟುತ್ತದೆ. ಬಿಸಿ ಕಮ್ಮಿ ಇರಬೇಕು, ಒತ್ತಡ ಜಾಸ್ತಿ ಇರಬೇಕು. ಆವಿಯ ಕೈಲಿ ಇದು ಆಗದ ಕೆಲಸ.

ಇದೇ ಗಂಟು ಬಿಡಿಸಲು ಇಟಲಿಯವರಿಗೆ ಅರ್ಧ ಶತಮಾನಕ್ಕೂ ಜಾಸ್ತಿ ಹಿಡಿಯಿತು. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಆವಿಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಒಂದೇ ಸಲಕ್ಕೆ ತುಂಬಾ ಜನಕ್ಕೆ ಮಾಡುವ ಯಂತ್ರ. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಝೆರಾ ಕಪ್ಪಿಗೊಂದರಂತೆ ಬಿಸಿಬಿಸಿ ಇಳಿಸುವ ದಾರಿ ಕಂಡುಕೊಂಡ. ಅವನ ಪೇಟೆಂಟ್ ಕೊಂಡ ಡೆಸಿಡೆರಿಯೊ ಪವೋನಿ ಅದನ್ನು ವ್ಯಾಪಾರಕ್ಕೆ ತಂದ. ಗೋಪುರದ ಹಾಗೆ ಎತ್ತರದ, ನೆತ್ತಿಯ ಮೇಲೆ ಹದ್ದು ಕೂತ ಹಳೇ ಯಂತ್ರಗಳ ಚಿತ್ರ ನೋಡಿರುತ್ತೀರಿ. ನೋಡಲು ರಾಜಗಾಂಭೀರ್ಯ, ಆದರೆ ಒಳಗೆ ಸಿಗುತ್ತಿದ್ದದ್ದು ಒಂದೂವರೆ ಬಾರ್ ಒತ್ತಡ. ನೀರೋ ಅತಿ ಬಿಸಿ. ಕಾಫಿ ಸೀದ ರುಚಿಯ ತೆಳು ಕಷಾಯ, ಮೇಲೆ ನೊರೆಯ ಸುಳಿವೂ ಇಲ್ಲ.

ಈ ಗಂಟು ಬಿಡಿಸಿದವನು ಮಿಲಾನ್‌ನ ಅಕಿಲೆ ಗಾಜಿಯಾ. ಅವನ ಮೊದಲ ಪೇಟೆಂಟ್ ಅರ್ಜಿ 1938ರದ್ದು. ಆಮೇಲೆ ಯುದ್ಧ ಬಂತು. 1947ರಲ್ಲಿ ಅವನು ಲಿವರ್ ಮತ್ತು ಸ್ಪ್ರಿಂಗ್ ಇರುವ ಯಂತ್ರ ತಂದ. ಹಿಡಿಕೆ ಕೆಳಗೆ ಎಳೆದರೆ ಒಳಗಿನ ಪಿಸ್ಟನ್ ಮೇಲೇರುತ್ತದೆ, ಬಲವಾದ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಪಿಸ್ಟನ್ ಕೆಳಗಿನ ಖಾಲಿ ಜಾಗಕ್ಕೆ ಬಾಯ್ಲರಿನ ಬಿಸಿನೀರು ಬಂದು ತುಂಬುತ್ತದೆ. ಹಿಡಿಕೆ ಬಿಟ್ಟರೆ ಸ್ಪ್ರಿಂಗ್ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ, ನೀರು ಪುಡಿಯ ಮೂಲಕವೇ ದಾರಿ ಹುಡುಕಬೇಕು. ಲೆಕ್ಕ ಹಾಕಿ ನೋಡಿ. ಪಿಸ್ಟನ್ 5 ಸೆಂಟಿಮೀಟರ್ ಅಗಲ ಇದ್ದರೆ ಅದರ ವಿಸ್ತೀರ್ಣ ಸುಮಾರು 20 ಚದರ ಸೆಂಟಿಮೀಟರ್. 9 ಬಾರ್ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 9 ಕಿಲೋಗಿಂತ ತುಸು ಜಾಸ್ತಿ. ಒಟ್ಟು 180 ಕಿಲೋ ಭಾರ. ಮೂರೂವರೆ ಮೂಟೆ ಅಕ್ಕಿ ಕಪ್ಪಿನಷ್ಟಗಲದ ಪುಡಿಯ ಮೇಲೆ! ಇಷ್ಟೆಲ್ಲ ಭಾರ ಹಾಕಿದ್ದು ಉಕ್ಕಿನ ಸುರುಳಿ, ಬಾಯ್ಲರಿನ ಪಾಲು ಇದರಲ್ಲಿ ಏನೂ ಇಲ್ಲ. ಬಾಯ್ಲರ್ ನೀರು ಕಾಯಿಸಿ ಕಳಿಸಿದರೆ ಸಾಕು. ಆವಿಯಿಲ್ಲದೆ ನಡೆಯುವ ಯಂತ್ರ ಅಂತಲೇ ಗಾಜಿಯಾ ಅದನ್ನು ಮಾರಿದ. ನಮ್ಮ ಮಂಟಪದ ಡ್ರಮ್ಮಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಆಗಲೇ ಕಪ್ಪಿನ ಮೇಲೆ ಹೊಂಬಣ್ಣದ ನೊರೆ ಕೂತದ್ದು, ಅದೇ ಕ್ರೇಮಾ. ಹುರಿದ ಕಾಫಿಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ಒತ್ತಡ ಜಾಸ್ತಿ ಇದ್ದಾಗ ಅದು ನೀರಿನಲ್ಲಿ ಜಾಸ್ತಿ ಕರಗುತ್ತದೆ. ಹೊರಗೆ ಬಂದ ಕೂಡಲೇ ಒತ್ತಡ ಬಿದ್ದುಹೋಗಿ ಸಣ್ಣ ಸಣ್ಣ ಗುಳ್ಳೆಯಾಗಿ ಏಳುತ್ತದೆ. ಹಳೇ ಪುಡಿಯಲ್ಲಿ ಅನಿಲ ಆಗಲೇ ಹೋಗಿರುವುದರಿಂದ ಎಷ್ಟು ಒತ್ತಿದರೂ ನೊರೆ ಬರುವುದಿಲ್ಲ. ರೊಬಸ್ಟಾ ಬೆರೆಸಿದರೆ ನೊರೆ ದಪ್ಪ ಬರುತ್ತದೆ, ಮಲೆನಾಡಿನವರಿಗೆ ಅದಕ್ಕೇನು ಬರಗಾಲ ಇಲ್ಲ. ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನು ಮಾತ್ರ ಇದಕ್ಕೆ ಹಾಕಬೇಡಿ.

ಇಲ್ಲೊಂದು ಗ್ರಹಣದ ಕತೆ ಹೇಳದೆ ಮುಂದೆ ಹೋಗಲಾರೆ. 1961ರ ಫೆಬ್ರವರಿ 15ರಂದು ಇಟಲಿಯಲ್ಲಿ ಪೂರ್ಣ ಸೂರ್ಯಗ್ರಹಣ ಕಂಡಿತು. ಆ ವರ್ಷ ಫಾಯೆಮಾ ಕಂಪನಿಯ ಎರ್ನೆಸ್ಟೊ ವಾಲೆಂಟೆ ಸ್ಪ್ರಿಂಗನ್ನೂ ತೆಗೆದು ಮೋಟಾರ್ ಪಂಪ್ ಕೂರಿಸಿದ ಮೆಷಿನ್ ತಂದ. ಗ್ರಹಣದ ನೆನಪಿಗೆ ಅದರ ಹೆಸರು ಇ61. ಅದರಲ್ಲಿ ಕಾಫಿಗೆ ಹೋಗುವ ನೀರು ಬಾಯ್ಲರಿನೊಳಗೇ ಹಾದುಹೋಗುವ ಬೇರೆ ಕೊಳವೆಯಲ್ಲಿ ಕಾಯುತ್ತದೆ, ಒತ್ತಡ ಪಂಪಿನದು. ಬಿಸಿಗೂ ಒತ್ತಡಕ್ಕೂ ಪೂರಾ ಡೈವೋರ್ಸ್. ಗ್ರಹಣದ ಹೆಸರಿನಲ್ಲಿ ಅವರು ಕಾಫಿ ಮೆಷಿನ್ ಮಾಡಿದರು. ನಮ್ಮ ಮನೆಗಳಲ್ಲಿ ಇವತ್ತಿಗೂ ಗ್ರಹಣ ಅಂದರೆ ಡಿಕಾಕ್ಷನ್‌ಗೂ ದರ್ಭೆ ಹಾಕಿಡುತ್ತಾರೆ. ಚಂದ್ರನ ನೆರಳು ಬಿದ್ದರೆ ಕಾಫಿಗೆ ಎಂತ ಆಗ್ತದೆ ಅಂತ ಕೇಳಿದರೆ ಮಾತ್ರ ಯಾರೂ ಹೇಳುವುದಿಲ್ಲ.

ಹಾಗಂತ ಹಿರಿಯರು ಹೇಳಿದ್ದೆಲ್ಲ ಸುಳ್ಳಲ್ಲ. ಗಂಗಾ ಸ್ನಾನ, ತುಂಗಾ ಪಾನ ಅನ್ನುವ ಮಾತಿನಲ್ಲಿ ರಸಾಯನಶಾಸ್ತ್ರ ಇದೆ. ತುಂಗೆ ಗಂಗಾಮೂಲದಲ್ಲಿ ಹುಟ್ಟಿ ಜಡಿಮಳೆಯ ಕಾಡಿನಲ್ಲಿ ಹರಿದು ಬರುತ್ತಾಳೆ. ದಾರಿಯಲ್ಲಿ ಸುಣ್ಣಕಲ್ಲಿನ ಬಂಡೆ ಹೆಚ್ಚಿಲ್ಲ. ಹಾಗಾಗಿ ನೀರು ಮೆದು. ನನ್ನ ಮೆಷಿನ್ ಬೆಂಗಳೂರಿನ ಬೋರ್‌ವೆಲ್ ನೀರು ಕುಡಿದು ಬೆಳೆದದ್ದು. ಬಾಯ್ಲರ್ ಬಿಚ್ಚಿದರೆ ಗೋಡೆಯ ಮೇಲೆ ಬೆರಳಿನ ಉಗುರಿಗಿಂತ ದಪ್ಪ ಬಿಳೀ ಪದರ. ಉಪ್ಪು ಕಟ್ಟಿದೆ ಅನ್ನುತ್ತೇವಲ್ಲ, ಅದು. ಅಡುಗೆಯ ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ, ಇದು ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕರಗಿರುತ್ತದೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕಾರ್ಬೊನೇಟ್ ಉಳಿಯುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಜಾಸ್ತಿ ಕರಗುತ್ತದೆ, ಇದಕ್ಕೆ ಬಿಸಿಯೇ ಆಗದು. ಅದಕ್ಕೇ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ, ಹೀಟಿಂಗ್ ಕಾಯಿಲ್ ಮೇಲೇ, ಮೊದಲು ಅಂಟಿಕೊಳ್ಳುವುದು.

"ಹುಣಸೆಹಣ್ಣು ಹಾಕಿ ತಿಕ್ಕೋ, ಹಂಡೆ ಹೊಳೆಯೋದಿಲ್ವಾ" ಅಂದರು ನಮ್ಮತ್ತೆ. ಹೊರಗಿನ ಹಿತ್ತಾಳೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಕಪ್ಪು ಪದರವನ್ನೂ ಕಿಲುಬನ್ನೂ ಕರಗಿಸುತ್ತದೆ. ಒಳಗಿನ ಸುಣ್ಣಕ್ಕೆ ಮಾತ್ರ ಅದು ಬೇಡ. ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂ ಜತೆ ಸೇರಿದರೆ ಸುಲಭವಾಗಿ ಕರಗದ ಇನ್ನೊಂದು ಪುಡಿ ಆಗುತ್ತದೆ. ಒಳಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ಸರಿ. ನೀರು ಉಗುರುಬೆಚ್ಚಗಿರಲಿ. ಕುದಿಸಿದರೆ ಬೇಗ ಆಗುತ್ತದೆ ಅಂತ ಬಹಳ ಜನ ಕುದಿಸುತ್ತಾರೆ. ಕ್ಯಾಲ್ಸಿಯಂ ಸಿಟ್ರೇಟ್ ಕೂಡ ಬಿಸಿಯಲ್ಲಿ ಕಮ್ಮಿ ಕರಗುವ ಜಾತಿ, ಕುದಿಸಿದರೆ ಮತ್ತೆ ಕೂತುಬಿಡುತ್ತದೆ. ರಾತ್ರಿಯಿಡೀ ನೆನೆಸಿಡುವುದೂ ಬೇಡ. ಆಮ್ಲ ಹಿತ್ತಾಳೆಯೊಳಗಿನ ಸತುವನ್ನು ಎಳೆದುಕೊಳ್ಳುತ್ತದೆ. ಹಳದಿ ಲೋಹ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಉಳಿದಿರುವುದು ಟೊಳ್ಳು ತಾಮ್ರ ಅಂತ ತಿಳಿಯಿರಿ. ಅಂಥ ಬಾಯ್ಲರನ್ನು ಒತ್ತಡಕ್ಕೆ ನಂಬಬಾರದು.

ವಾಷರ್, ಓ-ರಿಂಗ್ ಎಲ್ಲ ಬದಲಾಯಿಸಲೇಬೇಕು. ಆಟೋ ಕಾಂಪ್ಲೆಕ್ಸ್ ಕಡೆಯ ಲೇತ್ ಅಂಗಡಿಯಲ್ಲಿ ವರ್ನಿಯರ್ ಹಿಡಿದು ಅಳೆದು ಟೆಫ್ಲಾನ್ ವಾಷರ್ ತೆಗೆದುಕೊಟ್ಟರು. "ಇದೆಂತಕ್ಕೆ ಸಾರ್, ಪಂಪ್‌ಸೆಟ್ಟಾ?" ಅಂತ ಕೇಳಿದರು. ಕಾಫಿಗೆ ಅಂದಿದ್ದಕ್ಕೆ ನಂಬಲಿಲ್ಲ. ಹಳೇ ಮೆಷಿನ್ನಿನ ಒಳಗೆ ಬೂದು-ಬಿಳಿ ನಾರಿನ ಪಟ್ಟಿ ಅಥವಾ ಹಲಗೆ ಕಂಡರೆ ಹುಷಾರು, ಅದು ಆಸ್ಬೆಸ್ಟಸ್ ಇರಬಹುದು. ಒಣಗಿದ್ದಾಗ ಕೆರೆಯಬೇಡಿ.

ಮಳೆಗಾಲದಲ್ಲಿ ಇನ್ನೊಂದು ತಮಾಷೆ. ಪ್ಲಗ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು, ಟಕ್ ಅಂತ ಬೀಳುತ್ತಿತ್ತು. ಕಾಯಿಲ್ ಸುಟ್ಟಿದೆ, ಎಸೆಯಿರಿ ಅಂದರು ನೋಡಿದವರೆಲ್ಲ. ಕಾಯಿಲ್ ಒಳಗಿನ ತಂತಿಗೂ ಹೊರಗಿನ ಕೊಳವೆಗೂ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಅದು ಶಾಖವನ್ನು ದಾಟಲು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಅದರ ಒಂದೇ ದುರ್ಗುಣ ಅಂದರೆ ಗಾಳಿಯ ತೇವ ಹೀರುವುದು. ನಮ್ಮ ಆಷಾಢದ ಗಾಳಿಯಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಈ ಪುಡಿ ಬಿಟ್ಟೀತೇ? ತೇವ ಸೇರಿ ಕರೆಂಟ್ ಸೋರುತ್ತಿತ್ತು, ಅಷ್ಟೇ. ಕಾಯಿಲ್ ಬಿಚ್ಚಿ, ಅದರ ಸೀಲು ತಡೆಯುವಷ್ಟೇ ಬಿಸಿಯ ಓವನ್‌ನಲ್ಲಿ ಗಂಟೆಗಟ್ಟಲೆ ಒಣಗಿಸಿದ ಮೇಲೆ ಇನ್ಸುಲೇಷನ್ ಪರೀಕ್ಷಿಸುವ ಮೀಟರ್ ಮೆಗ್ಗರ್ ಇಟ್ಟು ನೋಡಿದರೆ ಸೋರಿಕೆ ನಿಂತಿತ್ತು. ಆರ್‌ಸಿಸಿಬಿ ಬೀಳುತ್ತದೆ ಅಂತ ಅದನ್ನೇ ತಪ್ಪಿಸಿ ವೈರ್ ಎಳೆಯುವ ಮಹಾನುಭಾವರು ಇದ್ದಾರೆ, ಅವರ ಮಾತು ಕೇಳಬೇಡಿ.

ಸೇಫ್ಟಿ ವಾಲ್ವ್ ವಿಷಯದಲ್ಲೂ ಅಷ್ಟೇ. ಒಂದು ಲೀಟರ್ ನೀರು, ಇದರಲ್ಲೆಂತ ಅಪಾಯ ಅನ್ನಿಸುತ್ತದೆ. ಗೇಜಿನಲ್ಲಿ 0.8 ಬಾರ್ ಇದ್ದಾಗ ಒಳಗಿನ ನೀರು 116 ಡಿಗ್ರಿ. ಶಿವಮೊಗ್ಗದ ಎತ್ತರದಲ್ಲಿ ನೀರು ಕುದಿಯುವುದು 98ಕ್ಕೆ. ಬಾಯ್ಲರ್ ಬಿರಿದರೆ ಮೇಲಿನ 18 ಡಿಗ್ರಿಯ ಶಾಖವೆಲ್ಲ ಒಮ್ಮೆಗೇ ಆವಿ ಮಾಡಲು ಹೋಗುತ್ತದೆ. ಮೂವತ್ತು ಗ್ರಾಮ್ ಚಿಲ್ಲರೆ ನೀರು ಮಾತ್ರ ಆವಿಯಾಗುತ್ತದೆ, ಆದರೆ ಅದು ಹಿಗ್ಗಿ 50 ಲೀಟರಿಗೂ ಜಾಸ್ತಿ ಜಾಗ ಬೇಡುತ್ತದೆ, ಅದೂ ಕಣ್ಣು ಮಿಟುಕಿಸುವುದರೊಳಗೆ. 1679ರಲ್ಲಿ ಕುಕ್ಕರಿನ ಮೂಲಪುರುಷನಂಥ ಪಾತ್ರೆ ಮಾಡಿದ ಡೆನಿಸ್ ಪಾಪಿನ್‌ಗೆ ಇದು ಗೊತ್ತಿತ್ತು. ಸೇಫ್ಟಿ ವಾಲ್ವ್ ಅವನ ಕೊಡುಗೆ. ಹಳೇ ಬಾಯ್ಲರನ್ನು ಮೊದಲು ತಣ್ಣೀರು ತುಂಬಿಸಿ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಬೇಕು. ತಣ್ಣೀರು ಹಿಗ್ಗುವುದಿಲ್ಲ. ಬಿರುಕು ಬಿಟ್ಟರೆ ನಾಲ್ಕು ಹನಿ ಚಿಮ್ಮಿ ಸುಮ್ಮನಾಗುತ್ತದೆ.

ಕುದಿಯುವ ಬಿಸಿಯ ಮಾತು ಬಂತಲ್ಲ, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ತೆರೆದ ಪಾತ್ರೆಯ ನೀರು 93-94 ಡಿಗ್ರಿಗೇ ಕುದಿಯುತ್ತದೆ. ಎಸ್ಪ್ರೆಸ್ಸೋಗೆ ಬೇಕಾದ ಬಿಸಿ ಅಲ್ಲಿ ಪುಕ್ಕಟೆ. ಎದುರಿಗೇ ಬಾಬಾ ಬುಡನ್ ಕಾಫಿಬೀಜ ಬಿತ್ತಿದ ಅಂತ ಹೇಳುವ ಗಿರಿ ಬೇರೆ ಇದೆ.

ಈಗ ಗ್ರೂಪಿನ ವಿಷಯ. ನನ್ನ ಮೆಷಿನ್ ಸ್ಪ್ರಿಂಗ್ ಇಲ್ಲದ ಸಣ್ಣ ಜಾತಿಯದು, ಸ್ಪ್ರಿಂಗಿನ ಕೆಲಸ ನಮ್ಮ ತೋಳಿನದು. ಬಾಯ್ಲರಿನಿಂದ ಬರುವ ನೀರು 116 ಡಿಗ್ರಿ, ಪುಡಿಗೆ ಬೇಕಾದ್ದು 94. ನಡುವಿನ 22 ಡಿಗ್ರಿ ಎಲ್ಲಿ ಹೋಗಬೇಕು? ಗ್ರೂಪಿನ ಹಿತ್ತಾಳೆಗೆ. ಅದನ್ನು ದಪ್ಪ ಮಾಡಿದ್ದು ಅಂದಕ್ಕಲ್ಲ, ಶಾಖ ನುಂಗಲಿ ಅಂತ. 60 ಗ್ರಾಮ್ ನೀರು 22 ಡಿಗ್ರಿ ತಣಿದರೆ ಸುಮಾರು 5500 ಜೌಲ್ ಶಾಖ ಬಿಡುತ್ತದೆ. ಒಂದು ಕಿಲೋ ಹಿತ್ತಾಳೆಯನ್ನು ಒಂದು ಡಿಗ್ರಿ ಏರಿಸಲು 380 ಜೌಲ್ ಸಾಕು. ಅಂದರೆ ಗ್ರೂಪ್ ಒಂದು ಕಿಲೋ ಇದ್ದರೆ, ಹೊರಗಿನ ಗಾಳಿಗೆ ಹೋಗುವ ಶಾಖ ಬಿಟ್ಟು ಲೆಕ್ಕ ಹಾಕಿದರೆ, ಪ್ರತಿ ಕಪ್ಪಿಗೂ 14 ಡಿಗ್ರಿಯಷ್ಟು ಏರುತ್ತದೆ. ಮೊದಲ ಕಪ್ಪಿನಲ್ಲಿ ಗ್ರೂಪ್ ತಣ್ಣಗಿರುತ್ತದೆ, ನೀರು ಬೇಕಾದ್ದಕ್ಕಿಂತ ಜಾಸ್ತಿ ತಣಿದು ಕಾಫಿ ಹುಳಿ ಹುಳಿ. ಎರಡನೆಯದು ಹದ. ಮೂರನೆಯ ಹೊತ್ತಿಗೆ ಹಿತ್ತಾಳೆಯೇ ಕಾದಿರುತ್ತದೆ, ನುಂಗಲು ಜಾಗ ಇಲ್ಲ. ನೀರು ಹಾಗೇ ಸುಡುಸುಡು ಹೋಗಿ ಪುಡಿಯನ್ನು ಕೆಡಿಸುತ್ತದೆ, ಬೆಝೆರಾ ಕಾಲದ ಕಹಿ ವಾಪಸ್ಸು ಬರುತ್ತದೆ. ಅದೇ ಪುಡಿ, ಅದೇ ಕೈ, ಮೂರು ಕಪ್ಪಿಗೆ ಮೂರು ರುಚಿ. ಕೈಗುಣ ಅನ್ನುವವರು ಅನ್ನಲಿ, ನಾನು ಗ್ರೂಪಿಗೆ ಒಂದು ಥರ್ಮಾಮೀಟರ್ ಪಟ್ಟಿ ಅಂಟಿಸಿದ್ದೇನೆ. ಮೊದಲ ಕಪ್ಪಿಗೆ ಮುಂಚೆ ಬರೀ ಬಿಸಿನೀರು ಹಾಯಿಸಿ ಬೆಚ್ಚಗೆ ಮಾಡುತ್ತೇನೆ, ಎರಡನೆಯದಾದ ಮೇಲೆ ಗ್ರೂಪಿಗೆ ಒದ್ದೆ ಬಟ್ಟೆ ಸುತ್ತಿ ತಣಿಸುತ್ತೇನೆ. ತೀರ್ಥಹಳ್ಳಿಯ ಗೆಳೆಯ ಒಮ್ಮೆ ಇದನ್ನೆಲ್ಲ ನೋಡುತ್ತಾ ಕೂತಿದ್ದ. "ಎಂತದ ಮಾರಾಯ, ಕಾಫಿಗೆ ಜ್ವರ ಬಂದಿದ್ಯಾ?" ಅಂದ. ಎಷ್ಟೇ ಒದ್ದೆ ಪಟ್ಟಿ ಹಾಕಿದರೂ ಗ್ರೂಪ್ ತಣಿಯಲು ಹತ್ತು ನಿಮಿಷ ಬೇಕೇ ಬೇಕು. ಅದಕ್ಕೇ ನಾಲ್ಕು ಜನ ನೆಂಟರು ಒಟ್ಟಿಗೆ ಬಂದರೆ ನಮ್ಮ ಮನೆಯಲ್ಲಿ ಫಿಲ್ಟರ್ ಕಾಫಿಯೇ.