ಕೊಟ್ಟಿಗೆಯಲ್ಲಿ ನಿಂತ ಹಳೆ ಯೆಜ್ಡಿ: ಮೊದಲು ಬಣ್ಣವೋ, ಇಂಜಿನ್ನೋ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು. ಪರಿಚಯದವರ ಕೊಟ್ಟಿಗೆಯಲ್ಲಿ ಎಷ್ಟೋ ವರ್ಷದಿಂದ ನಿಂತಿರುವ ಯೆಜ್ಡಿ ರೋಡ್‌ಕಿಂಗ್ ಒಂದು ಕಡಿಮೆ ದುಡ್ಡಿಗೆ ಸಿಗ್ತಾ ಇದೆ. ಮನೆಯಲ್ಲೇ ನಿಧಾನಕ್ಕೆ ಸರಿ ಮಾಡಿಕೊಳ್ಳೋ ಆಸೆ. ಮೊದಲು ಬಣ್ಣ ಹೊಡೆಸಲಾ, ಇಲ್ಲಾ ಇಂಜಿನ್ ಬಿಚ್ಚಲಾ?

ಹಳೆ ಬೈಕ್ ಆಸೆ ಹತ್ತಿದವರೆಲ್ಲ ಹೆಚ್ಚು ಕಡಿಮೆ ಇದನ್ನೇ ಕೇಳುತ್ತಾರೆ. ಬೈಕ್ ಹೆಸರು ಮಾತ್ರ ಬೇರೆ. ಒಬ್ಬರದು ಯೆಜ್ಡಿ, ಒಬ್ಬರದು ಯಮಹಾ ಆರ್‌ಎಕ್ಸ್ 100, ಇನ್ನೊಬ್ಬರದು ಸುಜುಕಿ ಸಮುರಾಯ್. ಸದ್ಯಕ್ಕೆ ಎರಡೂ ಬೇಡ ಅನ್ನುವುದು ನನ್ನ ಉತ್ತರ. ಬೈಕ್ ಹೇಗಿದೆಯೋ ಹಾಗೇ ಇರಲಿ. ಅದೇ ತುಕ್ಕು, ಅದೇ ಮಾಸಿದ ಬಣ್ಣದಲ್ಲಿ ಅದನ್ನು ಓಡುವ ಸ್ಥಿತಿಗೆ ತನ್ನಿ. ಸ್ವಲ್ಪ ದಿನ ಓಡಿಸಿ. ಆಮೇಲೆ ಏನನ್ನು ಬಿಚ್ಚಬೇಕು ಅಂತ ಬೈಕೇ ಹೇಳುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮಾರಾಟಕ್ಕೆ ಬರುವ ಹಳೆ ಬೈಕ್‌ಗಳಲ್ಲಿ ಕೆಲವು ಗೋಣಿಚೀಲದಲ್ಲಿ ಬರುತ್ತವೆ. ಫ್ರೇಮ್ ಒಂದು ಕಡೆ, ಇಂಜಿನ್ ಒಂದು ಕಡೆ, ನಟ್ಟು ಬೋಲ್ಟು ಬಿಸ್ಕತ್ ಡಬ್ಬಿಯಲ್ಲಿ. ಯಾರೋ ಬಹಳ ಉತ್ಸಾಹದಿಂದ ಎಲ್ಲ ಬಿಚ್ಚಿ ಹಾಕಿರುತ್ತಾರೆ. ಫ್ರೇಮ್‌ಗೆ ಬಣ್ಣ ಹೊಡೆಸುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ, ಅಷ್ಟರಲ್ಲಿ ಅಡಿಕೆ ಕೊಯ್ಲು ಬಂದಿರುತ್ತದೆ. ಮತ್ತೆ ಆ ಕಡೆ ಹೋಗುವ ಹೊತ್ತಿಗೆ ಯಾವ ಬೋಲ್ಟ್ ಯಾವ ಜಾಗದ್ದು ಅಂತ ಮರೆತಿರುತ್ತದೆ. ಓಡುವ ಬೈಕ್ ಕಣ್ಣೆದುರು ಇದ್ದರೆ ಕೆಲಸ ಮುಂದುವರಿಸಲು ಮನಸ್ಸು ಬರುತ್ತದೆ. ಚೀಲದಲ್ಲಿ ಇದ್ದರೆ ಬರುವುದಿಲ್ಲ.

ಇನ್ನು, ದುಡ್ಡು ಕೊಡುವ ಮುಂಚೆ ಕಾಗದ ನೋಡಿ. ಖಾಸಗಿ ಬೈಕ್‌ನ ನೋಂದಣಿ 15 ವರ್ಷಕ್ಕೆ ಮಾತ್ರ. ಅದಾದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ಫಾರಂ 25, ಬೈಕನ್ನು ಆರ್‌ಟಿಒಗೆ ಒಯ್ದು ತೋರಿಸಲೂ ಬೇಕು. ಮಾಲೀಕತ್ವ ಬದಲಿಸಲು ಫಾರಂ 29 ಮತ್ತು 30. ನಮ್ಮ ಕಡೆ ಇನ್ನೊಂದು ತೊಡಕು ತುಂಬಾ ಸಾಮಾನ್ಯ. ಬೈಕ್ ಅಜ್ಜನ ಹೆಸರಲ್ಲಿ ಇರುತ್ತದೆ, ಅಜ್ಜ ತೀರಿಕೊಂಡಿರುತ್ತಾರೆ, ಮಾರುವವರು ಮೊಮ್ಮಗ. ಹಾಗಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ನಿಮ್ಮ ಹೆಸರಿಗೆ. ಆ ಕೆಲಸವನ್ನು ಮಾರುವವರ ಜೊತೆ ಮಾತಾಡಿ, ಮುಗಿದ ಮೇಲೆ ಪೂರ್ತಿ ದುಡ್ಡು ಕೊಡಿ. ಬೈಕ್ ಬೇರೆ ಕಡೆಯದಾಗಿದ್ದರೆ, ಅಂದರೆ ನಂಬರ್ ಶಿವಮೊಗ್ಗದ ಕೆಎ 14 ಬದಲು ಬೇರೆ ಆರ್‌ಟಿಒದ್ದಾಗಿದ್ದರೆ, ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕಾಗಬಹುದು. ಹಳೆ ಬೈಕ್‌ಗಳ ವಿವರ ಎಷ್ಟೋ ಸಲ ಕಂಪ್ಯೂಟರ್‌ಗೆ ಏರಿರುವುದೇ ಇಲ್ಲ. ಸಾಗರದ ಬೈಕಾದರೆ ಸಾಗರದ ಕಚೇರಿಗೇ ಹೋಗಿ ವಿಚಾರಿಸಿ.

ಆರ್‌ಸಿಯಲ್ಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಬೈಕ್ ಮೇಲಿನ ನಂಬರ್‌ಗೆ ತಾಳೆ ನೋಡಿ. ತುಕ್ಕು ಮುಚ್ಚಿದ್ದರೆ ತಂತಿ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಆಡಿಸಿ. ಅಂಕಿ ಮೂಡುತ್ತವೆ. ಇಂಜಿನ್ ಬೇರೆ ಬೈಕಿನದ್ದಾಗಿದ್ದು ಅದು ಆರ್‌ಸಿಯಲ್ಲಿ ದಾಖಲಾಗಿಲ್ಲ ಅಂದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ.

ಕಾಗದ ಸರಿ ಇದೆ, ಬೈಕ್ ಮನೆಗೆ ಬಂತು ಅಂತಿಟ್ಟುಕೊಳ್ಳೋಣ. ಈಗ ಎಲ್ಲರಿಗೂ ಬರುವ ಆಸೆ ಒಂದೇ: ಒಂದು ಕಿಕ್ ಹೊಡೆದು ನೋಡೋಣ. ದಯವಿಟ್ಟು ಬೇಡ. ಯೆಜ್ಡಿಯಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಳಗೆ ಪಿಸ್ಟನ್ ಅಂಟಿಕೊಂಡಿದ್ದಾಗ ಜೋರಾಗಿ ಒದ್ದರೆ ಕಿಕ್ಕಿನ ಹಲ್ಲು ಹೋಗುತ್ತದೆ. ಅದನ್ನು ಸರಿ ಮಾಡಲು ಇಂಜಿನ್ ಬಿಚ್ಚಲೇಬೇಕು. ಪ್ಲಗ್ ತೆಗೆದು ಆ ತೂತಿನಿಂದ ಒಂದೆರಡು ಚಮಚ 2ಟಿ ಆಯಿಲ್ (ಇಂಥ ಟೂ ಸ್ಟ್ರೋಕ್ ಬೈಕ್‌ಗಳ ಪೆಟ್ರೋಲಿಗೆ ಬೆರೆಸುವ ಆಯಿಲ್) ಬಿಡಿ. ಒಂದು ರಾತ್ರಿ, ಸಾಧ್ಯವಾದರೆ ಎರಡು ಮೂರು ದಿನ ಹಾಗೇ ಬಿಡಿ. ಆಮೇಲೆ ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲುಗಾಡಿಸಿ. ಮೆಲ್ಲಗೆ ಸಡಿಲವಾಗಿ ತಿರುಗಿದರೆ ಒಳ್ಳೆಯದು. ಏನು ಮಾಡಿದರೂ ಅಲುಗದಿದ್ದರೆ ಮಾತ್ರ ಹೆಡ್, ಸಿಲಿಂಡರ್ ತೆಗೆಯಬೇಕಾಗುತ್ತದೆ.

ಪ್ಲಗ್ ತೆಗೆಯುವ ಮೊದಲೇ ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ. ಅಲ್ಲಿ ಇಲಿ ಗೂಡು ಇದ್ದರೆ ಆಶ್ಚರ್ಯ ಬೇಡ. ಸೈಲೆನ್ಸರ್ ತುದಿಗೆ ಟಾರ್ಚ್ ಹಾಕಿ ನೋಡಿ. ಕುಂಬಾರ ಹುಳ ಮಣ್ಣು ಮೆತ್ತಿ ಮುಚ್ಚಿರಬಹುದು. ರೋಡ್‌ಕಿಂಗ್‌ಗೆ ಇರುವುದು ಒಂದೇ ಸಿಲಿಂಡರ್ ಆದರೂ ಸೈಲೆನ್ಸರ್ ಎರಡು. ಎರಡನ್ನೂ ನೋಡಿ. ಗೇರ್ ಆಯಿಲ್ ಸ್ವಲ್ಪ ಇಳಿಸಿ ಬಣ್ಣ ನೋಡಿ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಪೂರ್ತಿ ಇಳಿಸಿ, ಹೊಸ ಆಯಿಲ್ ಹಾಕಿ, ಸ್ವಲ್ಪ ಓಡಿದ ಮೇಲೆ ಇನ್ನೊಮ್ಮೆ ಬದಲಿಸಿ.

ಮಲೆನಾಡಿನ ಬೈಕ್‌ಗೆ ನಿಜವಾದ ಶತ್ರು ಇರುವುದು ಟ್ಯಾಂಕಿನಲ್ಲಿ. ಅರ್ಧ ಖಾಲಿ ಟ್ಯಾಂಕಿನೊಳಗೆ ಮಳೆಗಾಲದ ತೇವದ ಗಾಳಿ ಕೂತು, ರಾತ್ರಿ ತಂಪಿಗೆ ನೀರಾಗಿ, ತಳಕ್ಕೆ ಇಳಿಯುತ್ತದೆ. ಹಾಗೇ ಮಳೆಗಾಲ ಒಂದರ ಮೇಲೊಂದು ಕಳೆದರೆ ಒಳಗೆಲ್ಲ ತುಕ್ಕಿನ ಪದರ. ಅದು ಪುಡಿಯಾಗಿ ಕಾರ್ಬುರೇಟರ್‌ಗೆ ಬಂದು ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಕಟ್ಟುತ್ತದೆ. ಎಷ್ಟು ಸಲ ಕಾರ್ಬುರೇಟರ್ ತೊಳೆದರೂ ಬೈಕ್ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಮೊದಲು ಟ್ಯಾಂಕನ್ನೇ ಅನುಮಾನಿಸಿ.

ತುಕ್ಕು ತೆಗೆಯಲು ಸಿಟ್ರಿಕ್ ಆಸಿಡ್ ಸಾಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೂ ಗೊತ್ತಾಗುತ್ತದೆ. ಟ್ಯಾಂಕ್ ಬಿಚ್ಚಿ, ಹಳೆ ಪೆಟ್ರೋಲ್ ಪೂರ್ತಿ ತೆಗೆದು, ಸೋಪಿನ ನೀರಲ್ಲಿ ತೊಳೆಯಿರಿ. ಪೆಟ್ರೋಲ್ ಕಾಕ್ ತೆಗೆದು ತೂತು ಮುಚ್ಚಿ. ಲೀಟರ್ ಬೆಚ್ಚನೆ ನೀರಿಗೆ 50ರಿಂದ 100 ಗ್ರಾಂ ಹಾಕಿ ಟ್ಯಾಂಕ್ ತುಂಬಾ ತುಂಬಿಸಿ. ಆಗಾಗ ಇಣುಕಿ ನೋಡುತ್ತಿರಿ. ಸಾಮಾನ್ಯವಾಗಿ ಒಂದು ದಿನ ಸಾಕು. ಬೇಗ ಆಗಲಿ ಅಂತ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬೇಡಿ, ಅದು ತುಕ್ಕಿನ ಜೊತೆ ಒಳ್ಳೆ ತಗಡನ್ನೂ ತಿನ್ನುತ್ತದೆ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಬರೀ ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ. ಕೂಡಲೇ ಅನ್ನುವುದು ಇಲ್ಲಿ ಮುಖ್ಯ. ತೊಳೆದ ತಗಡು ನಮ್ಮ ಹವೆಯಲ್ಲಿ ನೋಡನೋಡುತ್ತಿದ್ದಂತೆ ಮತ್ತೆ ಕೆಂಪಾಗುತ್ತದೆ. ಒಣಗಿದ ತಕ್ಷಣ ಸ್ವಲ್ಪ 2ಟಿ ಆಯಿಲ್ ಸುರಿದು ಒಳಗೆಲ್ಲ ಹರಡುವಂತೆ ತಿರುಗಿಸಿ.

ಒಂದು ಎಚ್ಚರಿಕೆ. ಒಣಗಿಸಲು ಟ್ಯಾಂಕನ್ನು ಬಚ್ಚಲೊಲೆ ಹತ್ತಿರ ಇಡಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಯಾಕೆಂದರೆ ಒಳಗೆ ಪೆಟ್ರೋಲ್ ಆವಿ ಗಾಳಿಯೊಂದಿಗೆ ಬೆರೆತಿರುತ್ತದೆ. ಬಿಸಿಲಿಗೆ ಇಡಿ. ತೂತು ಬಿದ್ದಿದ್ದರೆ ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ದು ಕೊಡಬೇಡಿ. ಪೆಟ್ರೋಲ್ ಟ್ಯಾಂಕ್ ಬೆಸುಗೆ ಹಾಕಿ ಅನುಭವ ಇರುವವರ ಹತ್ತಿರವೇ ಮಾಡಿಸಿ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಶೇ. 20ರವರೆಗೂ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಹಳೆ ರಬ್ಬರ್ ಪೈಪ್, ಕಾಕ್‌ನೊಳಗಿನ ವಾಷರ್ ಇದಕ್ಕೆ ತಾಳುವುದಿಲ್ಲ. ಪೈಪ್, ವಾಷರ್, ಫ್ಲೋಟ್ ಸೂಜಿ ಎಲ್ಲ ಹೊಸದು ಹಾಕಿ, ದೊಡ್ಡ ಖರ್ಚೇನಲ್ಲ. ಮಳೆಗಾಲದಲ್ಲಿ ಬೈಕ್ ನಿಲ್ಲಿಸುವುದಾದರೆ ಕಾಕ್ ಬಂದ್ ಮಾಡಿ, ಕಾರ್ಬುರೇಟರ್‌ನಲ್ಲಿರುವ ಪೆಟ್ರೋಲ್ ಮುಗಿದು ತಾನಾಗಿ ಆಫ್ ಆಗುವವರೆಗೆ ಇಂಜಿನ್ ಓಡಿಸಿ.

ಕಾರ್ಬುರೇಟರ್ ಯೆಜ್ಡಿಗೂ ಮುಂಚಿನ ಹಳೆ ಜಾವಾದಲ್ಲಿ ಜಿಕೋವ್ ಕಂಪನಿಯದು, ಆಮೇಲಿನವುಗಳಲ್ಲಿ ಮಿಕ್‌ಕಾರ್ಬ್. ಎರಡನ್ನೂ ಮನೆಯಲ್ಲೇ ಬಿಚ್ಚಿ ತೊಳೆಯಬಹುದು. ಜೆಟ್ ತೂತಿಗೆ ಗಟ್ಟಿ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಪೆಟ್ರೋಲ್ ಅಳತೆಯೇ ಕೆಡುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ. ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಕರೆಂಟ್ ವಿಷಯ. ಹಳೆ ಯೆಜ್ಡಿಗಳಲ್ಲಿ ಹೆಚ್ಚಿನವು 6 ವೋಲ್ಟ್, ಕೊನೆಕೊನೆಯವು 12. ನೋಡದೆ ಬ್ಯಾಟರಿ ತರಬೇಡಿ. ಪ್ಲಗ್‌ನಲ್ಲಿ ಕಿಡಿ ಬರುತ್ತಿಲ್ಲ ಅಂದರೆ ಹೆಚ್ಚಾಗಿ ತಪ್ಪು ಪಾಯಿಂಟ್‌ನದ್ದು, ಅಂದರೆ ಕಿಡಿಗಾಗಿ ಕರೆಂಟ್ ಕಡಿದು ಕೊಡುವ ಪುಟ್ಟ ಸ್ವಿಚ್‌ನದ್ದು. ತೇವಕ್ಕೆ ಅದರ ಮುಖದ ಮೇಲೆ ಪದರ ಕಟ್ಟಿರುತ್ತದೆ. ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಒಣ ದಪ್ಪ ಕಾಗದ ಆಡಿಸಿ ಪುಡಿ ತೆಗೆಯಿರಿ. ಪೂರ್ತಿ ತೆರೆದಾಗ ಅಂತರ ಸುಮಾರು 0.4 ಮಿಮೀ ಇರಬೇಕು. ಕಣ್ಣಂದಾಜು ಬೇಡ, ಫೀಲರ್ ಗೇಜ್ (ಅಂತರ ಅಳೆಯುವ ತೆಳು ತಗಡುಗಳ ಕಟ್ಟು) ಕೊಂಡುಕೊಳ್ಳಿ. ಅಷ್ಟಾದರೂ ಕಿಡಿ ಸಣ್ಣದಿದ್ದರೆ ಕಂಡೆನ್ಸರ್ ಬದಲಿಸಿ.

ಸ್ಟಾರ್ಟ್ ಆಯಿತು ಅಂತಿಟ್ಟುಕೊಳ್ಳಿ. ಈಗ ಖುಷಿಯಲ್ಲಿ ರೇಸ್ ಮಾಡದೆ ಕಿವಿಗೊಟ್ಟು ಕೇಳಿ. ಟೂ ಸ್ಟ್ರೋಕ್ ಬೈಕ್ ವರ್ಷಗಟ್ಟಲೆ ನಿಂತರೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡೂ ಕಡೆಯ ಆಯಿಲ್ ಸೀಲ್ ಗಟ್ಟಿಯಾಗಿರುತ್ತವೆ. ಎಷ್ಟು ಹೊತ್ತಾದರೂ ಬಿಳಿ ಹೊಗೆ ನಿಲ್ಲದೆ, ಗೇರ್ ಆಯಿಲ್ ಇಳಿಯುತ್ತಾ ಹೋದರೆ ಕ್ಲಚ್ ಕಡೆಯ ಸೀಲ್ ಹೋಗಿದೆ. ಆಯಿಲ್ ಒಳಗೆ ಎಳೆದು ಸುಡುತ್ತಿದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನೇ ಏರುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಾರ್ಬುರೇಟರ್ ಕೂರುವ ಜಾಗ, ಅಲ್ಲಿ ಸರಿ ಇದ್ದರೆ ಪಾಯಿಂಟ್ ಕಡೆಯ ಸೀಲ್. ಹಾಗೇ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ. ಪಾಯಿಂಟ್ ಕಡೆಯದನ್ನು ಮನೆಯಲ್ಲೇ ಬದಲಿಸಲು ಪ್ರಯತ್ನಿಸಬಹುದು. ಕ್ರ್ಯಾಂಕ್ ತೆಗೆಯುವ ಕೆಲಸ, ಸಿಲಿಂಡರ್ ಬೋರ್ ಕೆಲಸ ಮನೆಯದಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಸುತ್ತು ಹೊಡೆದು, ಹಳೆ ಟೂ ಸ್ಟ್ರೋಕ್ ಕೈಯಾಡಿಸಿದ ಹಿರಿಯ ಮೆಕ್ಯಾನಿಕ್ ಯಾರಿದ್ದಾರೆ ಅಂತ ವಿಚಾರಿಸಿ. ಅಂಥವರ ಪಕ್ಕ ನಿಂತು ಒಂದು ಇಂಜಿನ್ ಜೋಡಿಸುವುದನ್ನು ನೋಡಿದರೆ ಕಲಿಯುವುದು ಬೇಕಾದಷ್ಟಿದೆ.

ಬಿಡಿಭಾಗದ ಚಿಂತೆ ಬೇಡ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮೈಸೂರು, ಬೆಂಗಳೂರಿನಲ್ಲಿ ಪಿಸ್ಟನ್‌ನಿಂದ ಹಿಡಿದು ರಬ್ಬರ್‌ವರೆಗೆ ಸಿಗುತ್ತದೆ. 2022ರಲ್ಲಿ ಬಂದ ಹೊಸ ಯೆಜ್ಡಿ ಹೆಸರಿಗಷ್ಟೇ ಯೆಜ್ಡಿ, ಅದು ಫೋರ್ ಸ್ಟ್ರೋಕ್. ಅದರ ಇಂಜಿನ್ ಸಾಮಾನು ಇದಕ್ಕೆ ಕೂರುವುದಿಲ್ಲ.

ರಸ್ತೆಗೆ ಇಳಿಯುವ ಮುಂಚೆ ಬ್ರೇಕ್. ಇದರಲ್ಲಿ ಜಿಪುಣತನ ಬೇಡವೇ ಬೇಡ. ವರ್ಷಗಟ್ಟಲೆ ತೇವದಲ್ಲಿ ನಿಂತ ಬ್ರೇಕ್ ಶೂನಿಂದ ಲೈನರ್ ಬಿಟ್ಟುಕೊಂಡಿರುತ್ತದೆ. ಓಡುವಾಗ ಅದು ಕಳಚಿ ಡ್ರಮ್ಮಿನೊಳಗೆ ಸಿಕ್ಕಿದರೆ ಚಕ್ರ ಅಲ್ಲೇ ಲಾಕ್. ಎರಡೂ ಚಕ್ರದ ಶೂ ಹೊಸದು ಹಾಕಿ. ಹಳೆ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ (ಉಸಿರಿನಲ್ಲಿ ಒಳಹೋದರೆ ಶ್ವಾಸಕೋಶ ಕೆಡಿಸುವ ನಾರು) ಇರಬಹುದು, ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಬೇಡಿ, ಗಾಳಿ ಹೊಡೆಸಲೂ ಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಟೈರ್ ಮೇಲಿನ ಗುಂಡಿ (ಗ್ರಿಪ್) ಎಷ್ಟೇ ಚೆನ್ನಾಗಿ ಕಂಡರೂ ಟೈರ್ ಬದಲಿಸಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಆ ಟೈರ್ 2000ಕ್ಕಿಂತ ಮುಂಚಿನದು. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಕೇಬಲ್ ಕೂಡ ಹೊಸದಿರಲಿ.

ಮೊದಲ ದಿನಗಳಲ್ಲಿ ಊರ ಸುತ್ತವೇ ಓಡಿಸಿ. ಆಗುಂಬೆ ಘಾಟಿ, ಹುಲಿಕಲ್ ಘಾಟಿಯ ಆಸೆ ಸ್ವಲ್ಪ ತಡೆಯಿರಿ. ಇಂಥ ಬೈಕ್‌ನಲ್ಲಿ ಇಂಜಿನ್‌ಗೆ ಆಯಿಲ್ ಹೋಗುವುದೇ ಪೆಟ್ರೋಲಿನ ಜೊತೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರ್‌ನಲ್ಲೇ ತಡೆದು ಉದ್ದಕ್ಕೆ ಇಳಿದರೆ ಚಕ್ರ ಇಂಜಿನ್ ತಿರುಗಿಸುತ್ತಿರುತ್ತದೆ, ಒಳಗೆ ಆಯಿಲ್ ಮಾತ್ರ ಹೋಗುತ್ತಿರುವುದಿಲ್ಲ. ಘಾಟಿ ಇಳಿಯುವಾಗ ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಿರಬೇಕು. ಹಳಬರು ಅಭ್ಯಾಸದಿಂದಲೇ ಮಾಡುತ್ತಿದ್ದ ಕೆಲಸ ಇದು, ಹೊಸ ಬೈಕ್ ಓಡಿಸಿದವರಿಗೆ ಗೊತ್ತಿರುವುದಿಲ್ಲ.

ಇನ್ನು ಬಣ್ಣ. ನಾಲ್ಕಾರು ತಿಂಗಳು ಓಡಿದ ಮೇಲೂ ಬೇಕೆನಿಸಿದರೆ ಮಾತ್ರ ಹೊಡೆಸಿ. ಕಂಪನಿಯ ಹಳೆ ಬಣ್ಣ ಮುಕ್ಕಾಲು ಭಾಗ ಉಳಿದಿದ್ದರೆ ಪಾಲಿಶ್ ಮಾಡಿ ಉಳಿಸಿಕೊಳ್ಳಿ ಅಂತಲೇ ನನ್ನ ಸಲಹೆ. ಹೊಸ ಬಣ್ಣ ಯಾವಾಗ ಬೇಕಾದರೂ ಸಿಗುತ್ತದೆ, ಆ ಬಣ್ಣ ಮತ್ತೆ ಬರುವುದಿಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಬೈಕ್‌ಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೂ ಇರಬೇಕು. 1978ರ ನಂತರದ ರೋಡ್‌ಕಿಂಗ್ ಆ ವಯಸ್ಸಿಗೆ ಇನ್ನೂ ಬಂದಿಲ್ಲ, ಆದರೆ ದೂರವೂ ಇಲ್ಲ. ತೆಗೆದ ಮೂಲ ಸಾಮಾನು ಯಾವುದನ್ನೂ ಗುಜರಿಗೆ ಹಾಕಬೇಡಿ.

ಹೊಡೆಸುವುದೇ ಆದರೆ ದೀಪಾವಳಿ ಕಳೆದ ಮೇಲೆ, ಯುಗಾದಿ ಒಳಗೆ. ಮಳೆಗಾಲದ ತೇವದಲ್ಲಿ ಹೊಡೆದ ಬಣ್ಣ ಬೆಳ್ಳಗೆ ಮಂಕಾಗುತ್ತದೆ, ಅಡಿಯಲ್ಲಿ ತುಕ್ಕು ಬೇಗ ಏಳುತ್ತದೆ. ಬಣ್ಣ ಹೊಡೆಸಿ ಜೋಡಿಸಿದ ಮೇಲೆ ಲೈಟ್ ಹತ್ತುತ್ತಿಲ್ಲ, ಹಾರ್ನ್ ಕೂಗುತ್ತಿಲ್ಲ ಅಂದರೆ ಗಾಬರಿಯಿಂದ ಎಲೆಕ್ಟ್ರಿಷಿಯನ್ ಹತ್ತಿರ ಓಡಬೇಡಿ. ಅರ್ಥ್ ವೈರ್ ಕೂರುವ ಜಾಗಕ್ಕೂ ಬಣ್ಣ ಬಿದ್ದಿರುತ್ತದೆ. ಅಲ್ಲಿ ಒಂದಿಷ್ಟು ಕೆರೆದು, ಕಬ್ಬಿಣ ಕಾಣುವಂತೆ ಮಾಡಿ, ಬೋಲ್ಟ್ ಬಿಗಿ ಮಾಡಿ ನೋಡಿ.