ಸದ್ದು, ದೀಪ ಎರಡೂ ಒಟ್ಟಿಗೆ ಬಂದರೆ ಪ್ರಾಣಿ ಯಾವುದನ್ನು ಕಲಿಯುತ್ತದೆ?

ಪ್ರಶ್ನೆ: ಪಾವ್ಲೋವ್ ನಾಯಿಯ ಕಥೆ ಶಾಲೆಯಲ್ಲೇ ಓದಿದ್ದೇವೆ. ಊಟಕ್ಕೆ ಮುಂಚೆ ದಿನವೂ ಸದ್ದು ಕೇಳಿಸಿದರೆ, ಕೊನೆಗೆ ಬರೀ ಸದ್ದಿಗೇ ಜೊಲ್ಲು ಸುರಿಯುತ್ತದೆ. ಸದ್ದಿನ ಜೊತೆ ದೀಪವನ್ನೂ ಹೊತ್ತಿಸಿದರೆ ಎರಡನ್ನೂ ಕಲಿಯುತ್ತದಲ್ಲವೇ?

ಉತ್ತರ: ಕಲಿಯಬೇಕು ಅನಿಸುತ್ತದೆ. ಆದರೆ ಪ್ರಾಣಿಗಳು ಹಾಗೆ ಸಮಪಾಲು ಹಂಚುವುದಿಲ್ಲ. ಜೋರಾದ ಸೂಚನೆಯ ಪಕ್ಕದಲ್ಲಿ ಮೆಲುವಾದದ್ದು ಬಂದರೆ ಮೆಲುವಾದದ್ದು ಮಂಕಾಗಿಬಿಡುತ್ತದೆ ಎಂಬುದನ್ನು ಪಾವ್ಲೋವ್ ಅವರೇ ಕಂಡಿದ್ದರು.

1961ರಲ್ಲಿ ಮನೋವಿಜ್ಞಾನಿ ರೆನಾಲ್ಡ್ಸ್ ಎರಡು ಪಾರಿವಾಳಗಳಿಗೆ ಕೆಂಪು ಹಿನ್ನೆಲೆಯ ಮೇಲಿನ ಬಿಳಿ ತ್ರಿಕೋನವನ್ನು ಕುಕ್ಕಿದರೆ ಕಾಳು ಸಿಗುತ್ತದೆಂದು ಕಲಿಸಿದರು. ಆಮೇಲೆ ಬಣ್ಣವನ್ನೂ ಆಕಾರವನ್ನೂ ಬೇರೆಬೇರೆಯಾಗಿ ತೋರಿಸಿದಾಗ ಒಂದು ಪಾರಿವಾಳ ಕೆಂಪನ್ನು ಕುಕ್ಕಿತು, ಇನ್ನೊಂದು ತ್ರಿಕೋನವನ್ನು. ಪಾಠ ಒಂದೇ, ಕಾಳು ಒಂದೇ. ಎರಡೂ ಕಲಿತದ್ದು ಬೇರೆಬೇರೆ!

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಲಿಯಾನ್ ಕಾಮಿನ್ ಅವರದು. 1960ರ ದಶಕದಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಇಲಿ ತಿಂಡಿಗಾಗಿ ಪುಟ್ಟ ಸನ್ನೆಕೋಲನ್ನು ಒತ್ತುತ್ತಿರುತ್ತದೆ. ಸದ್ದು ಕೇಳಿಸುತ್ತದೆ, ಅದು ಮುಗಿಯುತ್ತಲೇ ಕಾಲಿಗೆ ಸಣ್ಣ ಕರೆಂಟ್ ಶಾಕ್. ಹೀಗೆ 16 ಸಲ ಆದಮೇಲೆ ಸದ್ದು ಶುರುವಾದರೆ ಸಾಕು, ಇಲಿ ಹೆದರಿ ಒತ್ತುವುದನ್ನೇ ಬಿಡುತ್ತದೆ. ಈಗ ಸದ್ದಿಗೆ ದೀಪವನ್ನೂ ಸೇರಿಸಿ, ಕೊನೆಗೆ ಅದೇ ಶಾಕ್ ಕೊಟ್ಟು, ಇನ್ನೂ 8 ಸಲ. ಬಳಿಕ ಬರೀ ದೀಪ ಹೊತ್ತಿಸಿದರು. ಇಲಿಗೆ ಅದರ ಪರಿವೆಯೇ ಇಲ್ಲ, ತನ್ನ ಪಾಡಿಗೆ ಒತ್ತುತ್ತಲೇ ಇತ್ತು. ಮೊದಲು ಸದ್ದಿನ ಪಾಠವಿಲ್ಲದೆ ನೇರವಾಗಿ ಸದ್ದು‑ದೀಪದ ಆ 8 ಸಲವನ್ನಷ್ಟೇ ಕಂಡಿದ್ದ ಇಲಿಗಳು ಮಾತ್ರ ದೀಪ ಕಂಡೊಡನೆ ನಿಂತುಬಿಟ್ಟವು. ಭಯದ ಅಳತೆಯಲ್ಲಿ 0.5 ಎಂದರೆ ಭಯವೇ ಇಲ್ಲ, 0 ಎಂದರೆ ಪೂರಾ ಭಯ. ಮೊದಲ ಗುಂಪಿಗೆ ಬಂದದ್ದು 0.45, ಎರಡನೆಯದಕ್ಕೆ 0.05.

ಎರಡೂ ಗುಂಪು ದೀಪವನ್ನು ಶಾಕ್ ಜೊತೆ ಕಂಡದ್ದು ಅಷ್ಟೇ ಸಲ. ಹಾಗಾದರೆ ಬರೀ ಜೊತೆಯಾಗಿ ಬಂದರೆ ಸಾಲದು. ಶಾಕ್ ಬರುತ್ತದೆಂದು ಸದ್ದು ಆಗಲೇ ಹೇಳಿಯಾಗಿದೆ; ದೀಪ ಬಂದು ಹೊಸದೇನು ಹೇಳಿತು? ಕಾಮಿನ್ ಇದಕ್ಕೆ ಬ್ಲಾಕಿಂಗ್, ಅಂದರೆ ತಡೆ, ಎಂದರು. ದೀಪ ಸೇರಿಸುವ ಹೊತ್ತಿಗೇ ಶಾಕ್ ಜೋರು ಮಾಡಿದರೆ ಕಥೆಯೇ ಬೇರೆ: ಇಲಿ ಬೆಚ್ಚುತ್ತದೆ, ದೀಪವನ್ನೂ ಕಲಿಯುತ್ತದೆ.

1972ರಲ್ಲಿ ರೆಸ್ಕಾರ್ಲಾ ಮತ್ತು ವ್ಯಾಗ್ನರ್ ಇದನ್ನೇ ಲೆಕ್ಕಕ್ಕೆ ಇಳಿಸಿದರು. ಕಲಿಯುವುದಕ್ಕೆ ಒಟ್ಟು 100 ಇದೆ ಎನ್ನಿ. ಸದ್ದು ಆಗಲೇ 95 ಬಾಚಿಕೊಂಡಿದ್ದರೆ, ಆಮೇಲೆ ಬಂದ ದೀಪಕ್ಕೆ ಉಳಿದ ಆ 5ರಲ್ಲೇ ಪಾಲು. ನಿರೀಕ್ಷೆಗೂ ನಡೆದದ್ದಕ್ಕೂ ಇರುವ ಅಂತರವೇ ಕಲಿಕೆಯ ಬಂಡವಾಳ.

ಈ ಲೆಕ್ಕಕ್ಕೂ ಜಗ್ಗದ್ದೊಂದಿದೆ. 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಇಲಿಗಳಿಗೆ ರುಚಿ ಬೆರೆಸಿದ ನೀರಿಟ್ಟರು. ನೆಕ್ಕಿದಾಗಲೆಲ್ಲ ಬೆಳಕು, ಟಿಕ್ ಸದ್ದು. ಕೆಲವು ಇಲಿಗಳಿಗೆ ಶಾಕ್ ಕೊಟ್ಟರು, ಕೆಲವಕ್ಕೆ ಕಾಯಿಲೆ ಬರಿಸಿದರು. ಶಾಕ್ ತಿಂದ ಇಲಿಗಳು ಬೆಳಕು‑ಸದ್ದಿನ ನೀರಿಗೆ ಹೆದರಿದವು. ಕಾಯಿಲೆ ಬಿದ್ದವು ಆ ರುಚಿಯನ್ನೇ ದೂರ ಇಟ್ಟವು. ಸೂಚನೆಗಳು ಅವೇ; ಯಾವುದು ಮನಸ್ಸಿಗೆ ಅಂಟಿತು ಎಂಬುದು ಬಿದ್ದ ಪೆಟ್ಟಿನ ಬಗೆಯ ಮೇಲೆ ನಿಂತಿತ್ತು. ಹೊಟ್ಟೆ ಕೆಟ್ಟಾಗ ನಾವೂ ಬೈಯುವುದು ನಿನ್ನೆಯ ಪಾನಿಪುರಿಯನ್ನು, ಗಾಡಿಯ ಪಕ್ಕ ಕಿರುಚುತ್ತಿದ್ದ ಸ್ಪೀಕರನ್ನಲ್ಲ.