ಬೆಲೊ ಹೊರಿಜಾಂಟೆಯ ತೊರೆಗಳು ಡಾಂಬರಿನಡಿ ಸೇರಿದ್ದು ಹೀಗೆ

2020ರ ಜನವರಿ. ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ 24 ಗಂಟೆಯಲ್ಲಿ 171.8 ಮಿ.ಮೀ. ಮಳೆ ಸುರಿಯಿತು. ಕೆಲವೇ ದಿನದಲ್ಲಿ ಮತ್ತೆ ಜಡಿಮಳೆ. ಲೂರ್ಡೆಸ್ ಎಂಬ ಸ್ಥಿತಿವಂತರ ಬಡಾವಣೆಯಲ್ಲಿ ಡಾಂಬರೇ ಕಿತ್ತು ಬಂತು. ಇಷ್ಟು ಲೆಕ್ಕ ಹಾಕಿ ಕಟ್ಟಿದ ಊರಲ್ಲಿ ಹೀಗೇಕೆ? ಇದು ತಿಳಿಯಲು ಅದರ ನಕ್ಷೆಯನ್ನೇ ನೋಡಬೇಕು.

ಮಿನಾಸ್ ಜೆರಾಯಿಸ್ ರಾಜ್ಯಕ್ಕೆ ಮೊದಲು ಒರೊ ಪ್ರೆಟೊ ರಾಜಧಾನಿ. ಅದು ಗುಡ್ಡಗಳ ನಡುವಿನ ಚಿನ್ನದ ಗಣಿಯೂರು, ಬೆಳೆಯಲು ಜಾಗವಿರಲಿಲ್ಲ. 1893ರಲ್ಲಿ ಹೊಸ ರಾಜಧಾನಿಗೆ ಜಾಗ ನಿಗದಿಯಾಯಿತು. ನಾಲ್ಕೇ ವರ್ಷದ ಗಡುವು. ಕುರ್ರಾಲ್ ದೆಲ್ ರೇ ಎಂಬ ಹಳ್ಳಿಯನ್ನು ಕೆಡವಿ, ಎಂಜಿನಿಯರ್ ಆರಾವ್ ರೇಯ್ಸ್ ಅವರ ನಕ್ಷೆಯಂತೆ ಕೆಲಸ ಶುರುವಾಯಿತು. 1897ರ ಡಿಸೆಂಬರ್ 12ಕ್ಕೆ ಉದ್ಘಾಟನೆಯೂ ಆಯಿತು.

ನಕ್ಷೆ ನಿಜಕ್ಕೂ ಅಚ್ಚುಕಟ್ಟು. 120 ಮೀಟರ್ ಚೌಕಗಳು, 20 ಮೀಟರ್ ಅಗಲದ ಬೀದಿಗಳು, ಅವನ್ನು ಓರೆಯಾಗಿ ಕತ್ತರಿಸುವ ದೊಡ್ಡ ರಸ್ತೆಗಳು. ಅಫೊನ್ಸೊ ಪೆನಾ ರಸ್ತೆಯಂತೂ 50 ಮೀಟರ್ ಅಗಲ. ಸುತ್ತ ಕೊಂಟೊರ್ನೊ ಎಂಬ ವರ್ತುಲ ರಸ್ತೆ. ಒಳಗೆ ಸರ್ಕಾರಿ ನೌಕರರಿಗೆ ನಿವೇಶನ. ಆ ಬಡಾವಣೆಗೆ ಇವತ್ತಿಗೂ 'ಫುಂಸಿಯೊನಾರಿಯೊಸ್', ಅಂದರೆ ನೌಕರರು ಅಂತಲೇ ಹೆಸರು. ಊರು ಕಟ್ಟಿದ ಕೂಲಿಗಳಿಗೆ ಮಾತ್ರ ನಕ್ಷೆಯಲ್ಲಿ ಜಾಗವಿರಲಿಲ್ಲ. 1895ರ ಹೊತ್ತಿಗೇ ಅವರು ಲೆಯ್ತಾವ್ ತೊರೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆಮೇಲೆ ಅವರನ್ನು ಅಲ್ಲಿಂದಲೂ ಎಬ್ಬಿಸಲಾಯಿತು.

ತೊರೆಗಳ ಪಾಡೂ ಅದೇ. ನೀರು ತಗ್ಗು ಹುಡುಕಿ ಬಳುಕುತ್ತಾ ಹರಿಯುತ್ತದೆ, ಬೀದಿಗಳು ನೇರ. ಹಾಗಾಗಿ ಚೌಕಗಳು ತೊರೆಗಳ ಮೇಲೇ ಬಂದವು. ಸಾತುರ್ನಿನೊ ದೆ ಬ್ರಿಟೊ ಎಂಬ ನೈರ್ಮಲ್ಯ ಎಂಜಿನಿಯರ್, ಬೀದಿಗಳು ನೀರಿನ ದಾರಿಯನ್ನು ಅನುಸರಿಸಲಿ ಎಂದು ಬೇರೆಯೇ ಮಾದರಿ ತೋರಿಸಿದ್ದರು. ಅದನ್ನು ಕೇಳಿದ್ದರೆ ಚೆನ್ನಾಗಿತ್ತು, ಅಲ್ವಾ?

ಮುಂದಿನ ದಶಕಗಳ ಕಥೆ ಚುಟುಕು: ಜನ ಜಾಸ್ತಿಯಾದರು, ಕಾರು ಜಾಸ್ತಿಯಾದವು, ತೊರೆಗಳಿಗೆ ಮೊದಲು ಕಾಂಕ್ರೀಟ್ ಗೋಡೆ, ಆಮೇಲೆ ಮೇಲೊಂದು ಮುಚ್ಚಳ. 1963ರಲ್ಲಿ ಅಫೊನ್ಸೊ ಪೆನಾದ ಸಾಲುಮರಗಳನ್ನೂ ಕಡಿದರು. 2000ದ ದಶಕದಲ್ಲಿ ಅರ್ರುಡಾಸ್ ನದಿಯನ್ನೂ ನಗರದ ನಡುವೆ ಮುಚ್ಚಿದರು. ಲೂರ್ಡೆಸ್‌ನಲ್ಲಿ ಉಕ್ಕಿದ್ದು ಹೊಸ ನೀರೇನಲ್ಲ, ಅದೇ ಲೆಯ್ತಾವ್ ತೊರೆ.

ಅದೇ ದಶಕದಲ್ಲಿ ಇನ್ನೊಂದು ಪ್ರಯತ್ನವೂ ನಡೆದಿತ್ತು. ಡ್ರೆನುರ್ಬ್ಸ್ ಎಂಬ ಯೋಜನೆಯಲ್ಲಿ ಹೊರವಲಯದ ಕೆಲವು ತೊರೆಗಳನ್ನು ಮುಚ್ಚದೆ ಶುಚಿ ಮಾಡಿ, ದಂಡೆಯಲ್ಲಿ ಉದ್ಯಾನ ಮಾಡಿದರು. ಕೊಂಟೊರ್ನೊ ಒಳಗೆ ಅದು ಕಷ್ಟ. ಜಾಗ ದುಬಾರಿ, ಎರಡೂ ಕಡೆ ಬಹುಮಹಡಿ ಕಟ್ಟಡಗಳು. ಆದರೂ ಇನ್ನೂ ತೆರೆದಿರುವ ತೊರೆಗಳನ್ನು ಹಾಗೇ ಬಿಡುವುದಕ್ಕೆ ಈ ಅಡ್ಡಿಗಳು ಯಾವುವೂ ಇಲ್ಲ.